ಲೋಹಚೌರ್ಯ ಮೀಮಾಂಸೆ

ಪೀಠಿಕೆ

ಕಳ್ಳತನವೂ ಒಂದು ಶಾಸ್ತ್ರವೆಂದು ನಮ್ಮ ಹಿಂದಿನವರು ಬಲ್ಲರು. ಶೂದ್ರಕನ ‘ಮೃಚ್ಛಕಟಿಕ’ದಲ್ಲಿ ಶರ್ವಿಲಕನು ಕನ್ನ ಯಾವ ಆಕಾರದಲ್ಲಿರಬೇಕೆಂದು ಆಚಾರ್ಯರ ಮತವನ್ನು ನೆನೆಯುತ್ತಾನೆ, ಅಳತೆಯ ದಾರ ಮರೆತು ಬಂದದ್ದರಿಂದ ಜನಿವಾರದಲ್ಲೇ ಗೋಡೆ ಅಳೆಯುತ್ತಾನೆ. ಆದರೆ ಆತ ಕೊರೆದದ್ದು ಪರರ ಗೋಡೆ. ತನ್ನ ಗೋಡೆಗೆ ತಾನೇ ಕನ್ನವಿಟ್ಟು, ಪರರ ಕಬ್ಬಿಣವನ್ನು ಅದರೊಳಗೆ ಎಳೆದುಕೊಳ್ಳುವ ಈ. ಕೋಲೈ ಬ್ಯಾಕ್ಟೀರಿಯಾದ ಬಗ್ಗೆ ಯಾವ ಶಾಸ್ತ್ರಕಾರನೂ ಚಕಾರವೆತ್ತಿಲ್ಲ. ಈ ಲೋಪ ತುಂಬಲು ನಾಲ್ಕು ಸೂತ್ರಗಳನ್ನು ರಚಿಸಿದ್ದೇವೆ. ಬೇರೆ ಯಾರೂ ಮುಂದೆ ಬಾರದ್ದರಿಂದ ಭಾಷ್ಯವನ್ನೂ ನಾವೇ ಬರೆದಿದ್ದೇವೆ.

ಸೂತ್ರ 1: ಸುತ್ತಲೂ ಇದ್ದು ಬಾಯಿಗೆ ಬಾರದಿರಲು ಕಳವು ವಿಹಿತ.

ಭಾಷ್ಯ: ಭೂಮಿಯಲ್ಲಿ ಕಬ್ಬಿಣಕ್ಕೆ ಬರವಿಲ್ಲ, ಆದರೆ ಗಾಳಿ ಸೋಕಿ ತುಕ್ಕಾದದ್ದು ನೀರಿನಲ್ಲಿ ಕರಗದು. ಮನುಷ್ಯನ ರಕ್ತದಲ್ಲೋ, ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನು ಅದನ್ನು ಅವುಚಿಕೊಂಡೇ ತಿರುಗುತ್ತದೆ. ಬ್ಯಾಕ್ಟೀರಿಯಾದೊಳಗೆ ಕಬ್ಬಿಣ ಸಾಕಷ್ಟಿರುವಾಗ ಅದರ ಫರ್ ಎಂಬ ಪ್ರೋಟೀನು ಆ ಕಬ್ಬಿಣದ ಬಲದಿಂದಲೇ ಕಳವಿನ ಜೀನುಗಳನ್ನು ಅದುಮಿಡುತ್ತದೆ. ಕಬ್ಬಿಣ ತೀರಿತೋ, ಹಿಡಿತ ಸಡಿಲ. ಆದ್ದರಿಂದ ಈ ಚೌರ್ಯ ನಿತ್ಯಕರ್ಮವಲ್ಲ, ನೈಮಿತ್ತಿಕ.

ಸೂತ್ರ 2: ದೂತನು ನಿಷ್ಠನಾಗಿರಲಿ, ಕೆಲಸ ಮುಗಿದೊಡನೆ ವಧ್ಯನು.

ಭಾಷ್ಯ: ದೂತನ ಹೆಸರು ಎಂಟೆರೊಬ್ಯಾಕ್ಟಿನ್, ಈ. ಕೋಲೈ ತಾನೇ ತಯಾರಿಸುವ ಒಂದು ಅಣು. ಹೊರಗೆ ಹೋಗಿ ಕಬ್ಬಿಣ ಹಿಡಿಯುವುದು ಅವನ ಕೆಲಸ. ಆ ಹಿಡಿತದ ಬಲವನ್ನು ರಸಾಯನಜ್ಞರು ಅಂಕಿಯಲ್ಲಿ ಬರೆದರೆ 1ರ ಮುಂದೆ ಸುಮಾರು 49 ಸೊನ್ನೆ. ದಾರಿಯಲ್ಲಿ ಅವನನ್ನು ಬಂಧಿಸಲು ನಮ್ಮ ದೇಹ ಲಿಪೊಕ್ಯಾಲಿನ್-2 ಎಂಬ ಪ್ರೋಟೀನನ್ನು ಕಾವಲಿಟ್ಟಿದೆ. ಸಾಲ್ಮೊನೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ತನ್ನ ದೂತನಿಗೆ ಗ್ಲೂಕೋಸ್ ಅಂಟಿಸಿ ಕಳಿಸುತ್ತದೆ; ಕಾವಲು ಅವನನ್ನು ಹಿಡಿಯಲಾರದು. ಸಿಹಿ ಕೊಟ್ಟು ಕಾವಲು ದಾಟುವ ಪದ್ಧತಿ ಇಷ್ಟು ಪ್ರಾಚೀನ. ಇನ್ನು ಈ. ಕೋಲೈಯ ದೂತ ಮನೆ ಸೇರಿದ ಮೇಲೂ ಹಿಡಿದದ್ದನ್ನು ಬಿಡಲೊಲ್ಲ. ಕಡೆಗೆ ಫೆಸ್ ಎಂಬ ಕಿಣ್ವ ಅವನನ್ನೇ ತುಂಡರಿಸಿ ಕಬ್ಬಿಣ ಬಿಡಿಸುತ್ತದೆ. ಸ್ವಾಮಿನಿಷ್ಠೆಯ ಫಲ ಕುರಿತು ಬರೆಯುವವರು ಇದನ್ನು ಗಮನಿಸಬಹುದು.

ಸೂತ್ರ 3: ಕನ್ನಕ್ಕೆ ಬಿರಡೆ ಇರತಕ್ಕದ್ದು.

ಭಾಷ್ಯ: ಶರ್ವಿಲಕ ಆರಿಸಿದ್ದು ಪೂರ್ಣಕುಂಭದ ಆಕಾರ; ಈ. ಕೋಲೈ ತನ್ನ ಹೊರಪೊರೆಗೆ ಆರಿಸಿದ್ದು ಪೀಪಾಯಿ. ಫೆಪ್‌ಎ ಎಂಬ ಈ ಗ್ರಾಹಕ 22 ಎಳೆಗಳ ಹೆಣಿಗೆ. 1999ರಲ್ಲಿ ಅದರ ರಚನೆ ಬಯಲಾದಾಗ ಒಳಗೆ ಬಿರಡೆ ಜಡಿದಿದ್ದುದು ಕಂಡಿತು. ಪೂರ್ವಪಕ್ಷ: ಮುಚ್ಚಿದ ಕನ್ನ ಕನ್ನ ಹೇಗಾದೀತು? ಸಮಾಧಾನ: ದೂತನು ಬಂದು ಕುಳಿತ ಸುದ್ದಿ ಒಳಕ್ಕೆ ಮುಟ್ಟಿದೊಡನೆ ಟಾನ್‌ಬಿ ಎಂಬ ಪ್ರೋಟೀನು ಒಳಪೊರೆಯಿಂದ ಚಾಚಿಕೊಂಡು ಬಿರಡೆಯನ್ನು ಜಗ್ಗುತ್ತದೆ. ಹೊರಪೊರೆಗೆ ಸ್ವಂತ ಶಕ್ತಿಮೂಲವಿಲ್ಲ. ಒಳಪೊರೆಯ ಪ್ರೋಟಾನುಗಳ ಒತ್ತಡವೇ ಜಗ್ಗುವ ಬಲ. ಬಿರಡೆ ಪೂರ್ತಿ ಕಳಚಿ ಬರುವುದೋ, ಇದ್ದಲ್ಲೇ ತುಸು ಸರಿದು ದಾರಿ ಬಿಡುವುದೋ ಎಂಬಲ್ಲಿ ವಿದ್ವಾಂಸರಲ್ಲಿ ಎರಡು ಪಕ್ಷ. ಬಿರಡೆ ಯಾವ ಪಕ್ಷವನ್ನೂ ಸೇರದೆ ದುಡಿಯುತ್ತಿದೆ.

ಸೂತ್ರ 4: ಹಸಿದವನ ಬಾಗಿಲು ಹಗೆಗೂ ಬಾಗಿಲು.

ಭಾಷ್ಯ: ಇನ್ನೊಂದು ಗ್ರಾಹಕ ಎಫ್‌ಎಚ್‌ಯುಎ. ಶಿಲೀಂಧ್ರಗಳು ತಮಗೆಂದು ತಯಾರಿಸಿದ ಫೆರಿಕ್ರೋಮ್ ಎಂಬ ದೂತನನ್ನು ಅದು ನಿಸ್ಸಂಕೋಚವಾಗಿ ಒಳಕ್ಕೆ ಬರಮಾಡಿಕೊಳ್ಳುತ್ತದೆ. ಅಂಥವನನ್ನು ತಯಾರಿಸಲು ಈ. ಕೋಲೈಗೆ ಬಾರದು. ಅದೇ ಬಾಗಿಲಿಗೆ ಟಿ1 ವೈರಸ್ಸೂ ಬಂದು ಅಂಟಿ ತನ್ನ ಡಿಎನ್‌ಎ ತೂರಿಸುತ್ತದೆ. 1943ರಲ್ಲಿ ಲೂರಿಯಾ ಮತ್ತು ಡೆಲ್‌ಬ್ರುಕ್ ಈ ದಾಳಿಯಲ್ಲಿ ಉಳಿದವುಗಳನ್ನು ಎಣಿಸಿ, ಅವುಗಳ ಮ್ಯುಟೇಶನ್ ದಾಳಿಗೆ ಮೊದಲೇ ತಾನಾಗಿ ಆಗಿತ್ತೆಂದು ತೋರಿಸಿದರು. ಬಾಗಿಲನ್ನೋ ಬಿರಡೆ ಜಗ್ಗುವವನನ್ನೋ ಕಳೆದುಕೊಂಡವು ಜೀವ ಉಳಿಸಿಕೊಂಡವು. ಎಣಿಸಿದವರು 1969ರ ನೊಬೆಲ್‌ನಲ್ಲಿ ಪಾಲು ಪಡೆದರು. ವೈದ್ಯರೂ ಈ ಸೂತ್ರದಲ್ಲಿ ನಿಪುಣರು: 2019ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸೆಫಿಡೆರೊಕಾಲ್ ಎಂಬ ಆ್ಯಂಟಿಬಯಾಟಿಕ್ ಕಬ್ಬಿಣ ಹಿಡಿದು ದೂತನ ವೇಷದಲ್ಲೇ ಒಳಹೊಗುತ್ತದೆ.

ಉಪಸಂಹಾರ

ಹಾಗಾದರೆ ಕಬ್ಬಿಣದ ಆಸೆಯನ್ನೇ ಬಿಟ್ಟರಾಗದೆ? ಲೈಮ್ ರೋಗ ತರುವ ಬೊರೇಲಿಯಾ ಹಾಗೆಯೇ ಬಿಟ್ಟು ಬದುಕಿದೆ. ಈ ವಿರಕ್ತನನ್ನು ಲೋಕಕ್ಕೆ ಮಾದರಿಯಾಗಿ ತೋರಿ ಗ್ರಂಥ ಮುಗಿಸುವ ಹವಣಿಕೆ ನಮ್ಮದಾಗಿತ್ತು. ಆದರೆ ಕಬ್ಬಿಣ ಮಾಡಬೇಕಾದ ಕೆಲಸಕ್ಕೆ ಆತ ಮ್ಯಾಂಗನೀಸನ್ನು ಒಳಗೆಳೆದುಕೊಳ್ಳುತ್ತಾನೆ. ವೈರಾಗ್ಯವೆಂದರೆ ಲೋಹಾಂತರವೆಂದು ಇದರಿಂದ ಸಿದ್ಧವಾಗುವುದರಿಂದ, ಮ್ಯಾಂಗನೀಸ್ ಚೌರ್ಯದ ಮೇಲೆ ಎರಡನೆಯ ಸಂಪುಟ ಅನಿವಾರ್ಯ.