ಸ್ಮಾರ್ಟ್ ಕ್ಲಾಸ್ ಬಳಸುವ ವಿಧಾನ: ಆಳಂದ, ಅಫಜಲಪುರ, ಜೇವರ್ಗಿ ಆವೃತ್ತಿ

ಮೊದಲು ಕೀಲಿಕೈ ಹುಡುಕಿ. ಅದು ಹೆಡ್‌ಮಾಸ್ತರರ ಜೇಬಿನಲ್ಲಿದ್ದು, ಅವರು ಮೀಟಿಂಗಿನಲ್ಲಿದ್ದರೆ ಇಂದಿನ ವಿಜ್ಞಾನ ನಾಳೆಗೆ. ಸಿಕ್ಕರೆ ಪ್ರೊಜೆಕ್ಟರಿಗೆ ಹೊದಿಸಿದ ಟವೆಲ್ಲನ್ನು ಹೊರಗೊಯ್ದು ಝಾಡಿಸಿ. ಊರಲ್ಲಿ ತೊಗರಿ ರಾಶಿ ನಡೆದಿದ್ದರೆ ಎರಡೆರಡು ಸಲ.

ಪರದೆ ಬೆಳಗುವ ಹೊತ್ತಿಗೆ ಕರೆಂಟ್ ಹೋಗುವುದು ಯಂತ್ರದ ದೋಷವಲ್ಲ. ಆ ಬಿಡುವಿನಲ್ಲಿ ಮಕ್ಕಳಿಗೆ ಈ ಜಿಲ್ಲೆಯ ಹಳೆಯ ಕತೆ ಹೇಳಿ. 1975ರ ಆಗಸ್ಟ್ 1ರಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹ ನಮಗೆ ಎರವಲು ಸಿಕ್ಕಿತ್ತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಇಸ್ರೊ ಟಿವಿ ಮುಟ್ಟಿಸಿತು. ಕರ್ನಾಟಕದಿಂದ ಆರಿಸಿದ್ದು ಅಂದಿನ ನಮ್ಮ ಗುಲ್ಬರ್ಗಾ, ಬಿಜಾಪುರ, ರಾಯಚೂರು ಜಿಲ್ಲೆಗಳನ್ನು, ಬೆಂಗಳೂರನ್ನಲ್ಲ! ಕೋಳಿಗೂಡಿಗೆ ಬಡಿಯುವ ತಂತಿ ಜಾಲರಿಯಿಂದಲೇ ಮಾಡಿದ ಛತ್ರಿ ಆಂಟೆನಾ, ಬೆಳಿಗ್ಗೆ ಮಕ್ಕಳಿಗೆ 22.5 ನಿಮಿಷದ ಕಾರ್ಯಕ್ರಮ. ವಿಜ್ಞಾನ ಕಲಿಸುವ ಮಾಸ್ತರರಿಗೂ ಟಿವಿ, ರೇಡಿಯೊ, ಪುಸ್ತಕ, ಪ್ರಯೋಗ ಎಲ್ಲ ಕೂಡಿಸಿ ತರಬೇತಿ ನಡೆಯಿತು. ಮರುವರ್ಷ ಜುಲೈ 31ಕ್ಕೆ ಮುಗಿಯಿತು. ಎರವಲು ತಂದದ್ದನ್ನು ಮರಳಿಸಲೇಬೇಕಲ್ಲ. ಆ ಟಿವಿಗೆ ಇದ್ದ ಕೊರತೆ ಒಂದೇ: ಹುಡುಗರು ಕೇಳಿದ್ದು ಅದಕ್ಕೆ ಕೇಳಿಸುತ್ತಿರಲಿಲ್ಲ.

ಕರೆಂಟ್ ಬಂತೆ? ಬೀಜ ಮೊಳೆಯುವ ವಿಡಿಯೊ ಹಾಕಬೇಡಿ. ಅದರಲ್ಲಿ ಯಾವುದೋ ದೇಶದ ಬೀನ್ಸ್ ಮೊಳೆಯುತ್ತದೆ. ಒದ್ದೆ ಬಟ್ಟೆ, ಒಂದು ಹಿಡಿ ತೊಗರಿ ಸಾಕು. ಅಂಗಳಕ್ಕೆ ತರಬಹುದಾದದ್ದನ್ನು ಪರದೆಗೆ ಏರಿಸುವುದು ವಿದ್ಯುತ್ ದಂಡ. ಗ್ರಹಗಳು, ಹೃದಯದ ಬಡಿತ, ಇವಕ್ಕೆ ಪರದೆ ಬೇಕು. ನೆರಳಿಲ್ಲದ ಮಧ್ಯಾಹ್ನಕ್ಕೂ ಬೇಕು: ಇಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ ನೆತ್ತಿಯ ಮೇಲೆ ಬರುತ್ತಾನೆ, ಮೇ ತಿಂಗಳಲ್ಲಿ ಬಂದಾಗ ಶಾಲೆಗೆ ರಜೆ, ಆಗಸ್ಟಿನಲ್ಲಿ ಬಂದಾಗ ಮೋಡ.

ಎಚ್ಚರಿಕೆ: ಜಲಚಕ್ರದ ಪಾಠ. ಕಡಲಿನಿಂದ ಆವಿ ಏಳುತ್ತದೆ, ಮೋಡ ಕಟ್ಟುತ್ತದೆ, ಮಳೆ ಸುರಿದು ನದಿ ತುಂಬುತ್ತದೆ. ಬೆರಳು ತಾಗಿಸಿದರೆ ಬಾಣಗಳು ಸುತ್ತುತ್ತವೆ, ಚೆಂದವೇ. ಅಫಜಲಪುರದ ಕಡೆಯ ಶಾಲೆಯಾದರೆ ಆಗ ಹಿಂದಿನ ಸಾಲಿನಿಂದ ಯಾರಾದರೂ ಕೇಳುತ್ತಾರೆ: "ಸರ್, ಬ್ಯಾಸಗ್ಯಾಗ ನಮ್ ಭೀಮಾ ಹೊಳಿ ನೀರು ಎಲ್ಲಿ ಹೋಗ್ತಾವ್ರಿ?" ಆ ಬಾಣಗಳಲ್ಲಿ ಭೀಮೆಗೆ ಮೇಲೆ ಕಟ್ಟಿದ ಉಜನಿ ಅಣೆಕಟ್ಟು ಇಲ್ಲ, ಕಬ್ಬಿನ ಗದ್ದೆಯ ಪಂಪ್‌ಸೆಟ್ಟೂ ಇಲ್ಲ. ಇಂಟರಾಕ್ಟಿವ್ ಎಂದು ಡಬ್ಬದ ಮೇಲೆ ಬರೆದಿರುವುದು ಈ ಗಳಿಗೆಗಾಗಿಯೇ. ವಿಡಿಯೊ ನಿಲ್ಲಿಸಿ, ಗೋಡೆಯ ನಕಾಶೆ ಇಳಿಸಿ, ನದಿಯ ದಾರಿಯನ್ನು ಮಕ್ಕಳ ಬೆರಳಿಂದಲೇ ಗುರುತು ಹಾಕಿಸಿ. ಕೇಳಿದವರಿಗೆ ಉತ್ತರ ಸಿಗುವ ತನಕ ಮತ್ತೆ ಪ್ಲೇ ಒತ್ತಬೇಡಿ.