ಸ್ಕ್ಯಾನರ್ ರಾಯರು

ಬೆಂಗಳೂರಿನ ಯಾವ ದೊಡ್ಡ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿದರೂ ಒಬ್ಬ ಸ್ಕ್ಯಾನರ್ ರಾಯರು ಸಿಕ್ಕೇ ಸಿಗುತ್ತಾರೆ. ಯಾರ ಕಾರಿನ ಚೆಕ್ ಎಂಜಿನ್ ಲೈಟ್ ಹತ್ತಿದರೂ ಜೇಬಿನಿಂದ ಬ್ಲೂಟೂತ್ ಸ್ಕ್ಯಾನರ್ ತೆಗೆದು, ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಪೋರ್ಟಿಗೆ ಸಿಕ್ಕಿಸಿ, ಮೊಬೈಲ್ ನೋಡಿ, "ಪಿ0101. ಏರ್‌ಫ್ಲೋ ಸೆನ್ಸರ್ ಹೋಯ್ತು ಸಾರ್, ಹೊಸದು ಹಾಕಿಸಿಬಿಡಿ" ಎನ್ನುತ್ತಾರೆ. ಬಾನೆಟ್ ಇನ್ನೂ ಎತ್ತಿರುವುದಿಲ್ಲ. ಗಾಳಿಗೆ ಪೆಟ್ರೋಲ್ ಸಾಲುತ್ತಿಲ್ಲ ಎನ್ನುವ ಪಿ0171 ಕೋಡ್ ಬಂದರೂ ಇದೇ ತೀರ್ಪು. ಏರ್‌ಫ್ಲೋ ಸೆನ್ಸರೇ ಇಲ್ಲದೆ, ಒತ್ತಡ ಅಳೆಯುವ ಮ್ಯಾಪ್ ಸೆನ್ಸರಿನಲ್ಲೇ ಓಡುವ ಸಣ್ಣ ಪೆಟ್ರೋಲ್ ಕಾರಿನವನಿಗೂ ಇದೇ ತೀರ್ಪು. ರಾಯರಿಗೆ ಏನೂ ಗೊತ್ತಿಲ್ಲ ಎಂದು ನಗುವುದು ಅನ್ಯಾಯ. ಅವರಿಗೆ ಗೊತ್ತಿರುವುದು ಬೇಕಾದಷ್ಟಿದೆ, ಇಲ್ಲದಿರುವುದು ಅನುಮಾನ.

ಏರ್ ಫಿಲ್ಟರಿಗೂ ಥ್ರಾಟಲ್ ಬಾಡಿಗೂ ನಡುವೆ ಕೂತ ಏರ್‌ಫ್ಲೋ ಸೆನ್ಸರಿನೊಳಗೆ ಇರುವುದು ಒಂದು ಬಿಸಿ ತಂತಿ, ಇಲ್ಲವೇ ತೆಳು ಫಿಲ್ಮ್. ಹಾದುಹೋಗುವ ಗಾಳಿ ಅದನ್ನು ತಣಿಸುತ್ತದೆ. ಬಿಸಿ ಇಳಿಯದಂತೆ ನೋಡಿಕೊಳ್ಳಲು ಎಷ್ಟು ಕರೆಂಟು ಹಿಡಿಯಿತು ಎಂಬುದೇ ಗಾಳಿಯ ಲೆಕ್ಕ. ಅದನ್ನು ನಂಬಿ ಎಂಜಿನ್ನಿನ ಕಂಪ್ಯೂಟರಾದ ಇಸಿಯು, ತೂಕದಲ್ಲಿ ಸುಮಾರು 14.7 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲ್ ಹಾಕುತ್ತದೆ. ಸೆನ್ಸರ್ ದಾಟಿದ ಮೇಲಿನ ರಬ್ಬರ್ ಹೋಸ್ ಸೀಳಿದ್ದರೆ, ಆ ಸಂದಿಯಿಂದ ನುಗ್ಗುವ ಗಾಳಿ ಲೆಕ್ಕಕ್ಕೇ ಬರುವುದಿಲ್ಲ. ಲೆಕ್ಕ ತಾಳೆಯಾಗುತ್ತಿಲ್ಲ ಎಂದಷ್ಟೇ ಕೋಡ್ ಹೇಳುತ್ತದೆ. ರಾಯರಿಗೆ ಅಪರಾಧಿಯೇ ಸಿಕ್ಕಿಬಿಡುತ್ತಾನೆ. ಠಾಣೆಗೆ ದೂರು ಕೊಡಲು ಬಂದವನನ್ನೇ ಲಾಕಪ್ಪಿಗೆ ತಳ್ಳಿದ ಹಾಗೆ. ತಂತಿಗೆ ಧೂಳೋ, ಎಣ್ಣೆ ಹಚ್ಚಿದ ಶೋಕಿ ಫಿಲ್ಟರಿನ ಜಿಡ್ಡೋ ಮೆತ್ತಿ ಲೆಕ್ಕ ತಪ್ಪುವುದೂ ಉಂಟು. ಆಗ ಅದಕ್ಕೆಂದೇ ಸಿಗುವ ಸ್ಪ್ರೇ ಹೊಡೆದು, ಕೈ ತಾಗಿಸದೆ, ಪೂರ್ತಿ ಒಣಗಿಸಿ ಕೂರಿಸಿದರೆ ಸಾಕು. ರಾಯರು ಕಾರ್ಬ್ ಕ್ಲೀನರಿನಲ್ಲಿ ಇಯರ್‌ಬಡ್ ಅದ್ದಿ ತಿಕ್ಕುತ್ತಾರೆ. ಅಲ್ಲಿಯವರೆಗೆ ಬದುಕಿದ್ದ ಸೆನ್ಸರ್ ಆಗ ನಿಜಕ್ಕೂ ಸಾಯುತ್ತದೆ. ರಾಯರ ಮಾತು ನಿಜವಾಗುತ್ತದೆ.

"ಹೊಸದು ಹಾಕಿದ ಮೇಲೆ ಲೈಟ್ ಆರಿತಲ್ಲ?" ಎಂದು ಭಕ್ತರು ಕೇಳಬಹುದು. ಆರದೆ ಏನು? ಹಾಕುವಾಗ ಸಡಿಲವಾಗಿದ್ದ ಹೋಸ್ ಕ್ಲಿಪ್ಪನ್ನು ಬಿಗಿ ಮಾಡಿದರು, ಕನೆಕ್ಟರನ್ನು ಕಿತ್ತು ಮತ್ತೆ ಒತ್ತಿದರು, ಕೊನೆಗೆ ಸ್ಕ್ಯಾನರಿನಲ್ಲೇ ಕೋಡ್ ಅಳಿಸಿದರು. ಇವುಗಳಲ್ಲಿ ಯಾವುದರಿಂದ ಗುಣವಾಯಿತೆಂದು ವಿಚಾರಿಸುವವರಿಲ್ಲ. ಬಿಲ್ ಇರುವುದು ಸೆನ್ಸರಿಗೆ, ಆದ್ದರಿಂದ ಕೀರ್ತಿಯೂ ಅದಕ್ಕೇ. ಸೆನ್ಸರ್ ಕೆಡುವುದೇ ಇಲ್ಲವೆಂದಲ್ಲ. ಗಾಳಿ ಎಲ್ಲೂ ಸೋರದೆ, ವೈರಿಂಗ್ ಸರಿಯಿದ್ದು, ಕ್ಲೀನ್ ಮಾಡಿದ ಮೇಲೂ ರೀಡಿಂಗ್ ತಪ್ಪುತ್ತಿದ್ದರೆ ಬದಲಿಸಲೇಬೇಕು. ಆದರೆ ಕ್ಲಿಪ್ ಬಿಗಿ ಮಾಡಲು ಬೇಕಾದದ್ದು ಒಂದು ಸ್ಕ್ರೂಡ್ರೈವರ್. ಅದಕ್ಕೆ ಆ್ಯಪ್ ಇಲ್ಲ, ಸುತ್ತ ಜನ ಸೇರುವುದೂ ಇಲ್ಲ. ಹೀಗಾಗಿ ಕಿತ್ತ ಸೆನ್ಸರನ್ನು ರಾಯರು ಜೋಪಾನವಾಗಿ ಎತ್ತಿಟ್ಟು, ಅದೇ ಮಾಡೆಲ್ಲಿನ ಕಾರಿರುವ ಇನ್ನೊಬ್ಬರಿಗೆ "ಸದ್ಯಕ್ಕೆ ಇದನ್ನ ಹಾಕ್ಕೊಳ್ಳಿ, ಚೆನ್ನಾಗಿ ಕೆಲಸ ಮಾಡುತ್ತೆ" ಎಂದು ಕೊಡುತ್ತಾರೆ. ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ.