ಇಪ್ಪತ್ತೆಂಟು ದಿನದ ತಿಂಗಳು ಮತ್ತು ರೀಚಾರ್ಜ್ ಅಜ್ಜಯ್ಯ

ಕುಂದಾಪುರದ ಶಾಸ್ತ್ರಿ ಸರ್ಕಲ್ ಆಸುಪಾಸಿನಲ್ಲಾಗಲಿ, ಬೈಂದೂರು ಪೇಟೆಯಲ್ಲಾಗಲಿ, ಬ್ರಹ್ಮಾವರದ ಬಸ್‌ಸ್ಟ್ಯಾಂಡ್ ಹತ್ತಿರವಾಗಲಿ, ಮೊಬೈಲ್ ಅಂಗಡಿ ಬಾಗಿಲು ತೆಗೆದ ಅರ್ಧ ಗಂಟೆಯೊಳಗೆ ರೀಚಾರ್ಜ್ ಅಜ್ಜಯ್ಯ ಅಲ್ಲಿ ಹಾಜರಿರುತ್ತಾರೆ. ಇವರು ಒಬ್ಬರಲ್ಲ, ಊರಿಗೆ ನಾಲ್ಕೈದು ಮಂದಿ ಇದ್ದಾರೆ. ನಿವೃತ್ತ ಮಾಸ್ಟ್ರಿರಬಹುದು, ಬೆಂಗಳೂರಿನ ಹೋಟೆಲಿನ ಗಲ್ಲೆಯಲ್ಲಿ ಜೀವಮಾನವಿಡೀ ಕೂತು ಈಗ ತೋಟ ನೋಡಿಕೊಂಡಿರುವವರಿರಬಹುದು. ಪಂಚೆ, ಕಂಕುಳಲ್ಲಿ ಕೊಡೆ, ಅಂಗಿಯ ಕಿಸೆಯಲ್ಲಿ ಸಹಕಾರಿ ಸಂಘ ಹೊಸ ವರ್ಷಕ್ಕೆ ಕೊಟ್ಟ ಪುಟ್ಟ ಡೈರಿ. ಆ ಡೈರಿಯಲ್ಲಿ ಮನೆಯ ಪ್ರತಿ ಸಿಮ್ಮಿಗೂ ಒಂದೊಂದು ಪುಟ ಮೀಸಲು: ಹಾಕಿದ ತಾರೀಕು, ಮುಗಿಯುವ ತಾರೀಕು, ಕೊಟ್ಟ ದುಡ್ಡು, ಅದಕ್ಕೆ ದಿನಕ್ಕೆಷ್ಟು ಬಿತ್ತು ಎಂಬ ಭಾಗಾಕಾರ. ಅಂಗಡಿಯ ಹುಡುಗ ‘ಅಜ್ಜಯ್ಯ, ಇದ್ ಒಳ್ಳೆ ಪ್ಲಾನ್’ ಎಂದರೆ ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿ, ‘ಒಳ್ಳೇದ್ ಯಾರಿಗಾ? ದಿನಕ್ಕ್ ಎಷ್ಟ್ ಬೀಳತ್ತ್, ಅದ್ ಹೇಳ್’ ಎನ್ನುತ್ತಾರೆ. ಹುಡುಗ ನಗುತ್ತಾನೆ, ಹಿಂದೆ ನಿಂತವರು ಗೊಣಗುತ್ತಾರೆ, ಮನೆಯಲ್ಲಿ ಮಕ್ಕಳು ಜಿಪುಣ ಎಂದು ಹೆಸರಿಟ್ಟಿದ್ದಾರೆ. ನನಗೆ ಈ ಹೆಸರು ಒಪ್ಪಿಗೆಯಿಲ್ಲ. ಈ ಮೂರು ತಾಲೂಕಿನಲ್ಲಿ ದರಪಟ್ಟಿಯ ಒಂದೊಂದು ಸಾಲನ್ನೂ ಓದುವ ಗಿರಾಕಿಗಳು ಇವರು ಮಾತ್ರ. ಉಳಿದವರು ಓದುವುದಿಲ್ಲ ಎಂಬ ಭರವಸೆಯ ಮೇಲೆಯೇ ಆ ಪಟ್ಟಿ ತಯಾರಾಗಿದೆ ಎಂಬುದು ನನ್ನ ವಾದ.

ಮೊದಲು ತಿಂಗಳ ವಿಚಾರವನ್ನೇ ತೆಗೆದುಕೊಳ್ಳಿ. ನಮ್ಮ ಕಡೆಯ ಮನೆಗಳಲ್ಲಿ ಸಂಕ್ರಮಣದಿಂದ ಸಂಕ್ರಮಣಕ್ಕೆ ಎಣಿಸುವ ತಿಂಗಳು ಒಂದು, ಅಮಾಸೆಯಿಂದ ಅಮಾಸೆಗೆ ಎಣಿಸುವುದು ಇನ್ನೊಂದು, ಪಿಂಚಣಿ ಬರುವ ಇಂಗ್ಲಿಷ್ ತಿಂಗಳು ಮೂರನೆಯದು. ಈ ಮೂರನ್ನೂ ಗೋಡೆಯ ಮೇಲಿನ ಒಂದೇ ಕ್ಯಾಲೆಂಡರಿನಲ್ಲಿ ಹೊಂದಿಸಿಕೊಂಡು ಬದುಕಿದ ಅಜ್ಜಯ್ಯನಿಗೆ ಮೊಬೈಲ್ ಕಂಪನಿಯವರು ನಾಲ್ಕನೆಯದನ್ನು ತಂದುಕೊಟ್ಟರು, 28 ದಿನದ್ದು. ಸೂರ್ಯನಿಗೂ ಸಲ್ಲದು, ಚಂದ್ರನಿಗೂ ಸಲ್ಲದು, ಖಜಾನೆಗೂ ಸಲ್ಲದು. ಇಂಥ ತಿಂಗಳು ವರ್ಷಕ್ಕೆ ಹದಿಮೂರು ಬರುತ್ತವೆ. 28ನ್ನು 13ರಿಂದ ಗುಣಿಸಿದರೆ 364. 199 ರೂಪಾಯಿಯ ಪ್ಲಾನ್ ಹಾಕಿಸಿಕೊಳ್ಳುವವನು ವರ್ಷಕ್ಕೆ 2,388 ಕೊಟ್ಟೆ ಎಂದುಕೊಂಡು 2,587 ಕೊಟ್ಟಿರುತ್ತಾನೆ. ಇದನ್ನು ಅಜ್ಜಯ್ಯ ಜಗಲಿಯಲ್ಲಿ ಕೂತು ಹೇಳಿದಾಗ ಮನೆಯವರು ‘ಹೌದಾ’ ಎಂದು ಎದ್ದು ಹೋದರು. ಆದರೆ ಇದೇ ತಕರಾರು ದೇಶದ ನಾನಾ ಕಡೆಯಿಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ಗೆ ಹೋಗಿತ್ತು. 2022ರ ಜನವರಿಯಲ್ಲಿ ಅದು, ಪ್ರತಿ ಕಂಪನಿಯೂ 30 ದಿನದ ಪ್ಲಾನ್ ಇಡಲೇಬೇಕು, ಪ್ರತಿ ತಿಂಗಳೂ ಅದೇ ತಾರೀಕಿಗೆ ನವೀಕರಿಸಬಹುದಾದ ಪ್ಲಾನನ್ನೂ ಇಡಬೇಕು ಎಂದು ಆದೇಶಿಸಿತು. ಆದೇಶದಲ್ಲಿ ‘ಕನಿಷ್ಠ ಒಂದು’ ಎಂದಿತ್ತು. ಕಂಪನಿಗಳು ಆ ಮಾತಿಗೆ ಅತ್ಯಂತ ವಿಧೇಯವಾಗಿ ನಡೆದುಕೊಂಡವು. ಹೆಚ್ಚು ಓಡುವ ಪ್ಲಾನುಗಳು ಇವತ್ತಿಗೂ 28ರ ಲೆಕ್ಕದಲ್ಲೇ ಇವೆ.

ಇಷ್ಟೊಂದು ಲೆಕ್ಕ ಎಲ್ಲಿಂದ ಬಂತು ಎಂದು ಕೇಳುವವರು ಈ ಸೀಮೆಯ ಚರಿತ್ರೆ ಮರೆತಿದ್ದಾರೆ. ಮನೆಗೊಬ್ಬ ಗಂಡು ಬೊಂಬಾಯಿಗೋ ಬೆಂಗಳೂರಿಗೋ ಹೋಟೆಲ್ ಕೆಲಸಕ್ಕೆ ಹೋದ ಊರುಗಳಿವು. ಆಗ ಮಾತಿಗೆ ತೂಕದ ಬೆಲೆಯಿತ್ತು. ಎಸ್‌ಟಿಡಿ ಬೂತಿನ ಗಾಜಿನ ಪೆಟ್ಟಿಗೆಯೊಳಗೆ ಕೆಂಪು ಅಂಕಿ ಏರುತ್ತಾ ಹೋಗುವುದನ್ನು ನೋಡಿಕೊಂಡೇ ಅಬ್ಬಿಯ ಕಾಯಿಲೆ, ತಂಗಿಯ ಮದುವೆ, ಗದ್ದೆಯ ಕೊಯ್ಲು ಎಲ್ಲವನ್ನೂ ಮುಗಿಸಬೇಕಿತ್ತು. ರಾತ್ರಿ 11ರ ನಂತರ ಕಾಲು ದರ ಎಂದು ಹಗಲಿಡೀ ದುಡಿದವರು ನಿದ್ದೆಗೆಟ್ಟು ಬೂತಿನ ಎದುರು ಸಾಲು ನಿಲ್ಲುತ್ತಿದ್ದರು. ಮೊಬೈಲ್ ಬಂದ ಹೊಸದರಲ್ಲಿ ಬಂದ ಕರೆಗೂ ದುಡ್ಡು ಕೊಡಬೇಕಿತ್ತು. ಒಳಬರುವ ಕರೆ ಪುಕ್ಕಟೆಯಾದದ್ದು 2003ರಲ್ಲಿ. ಆಮೇಲಿನದು ಮಿಸ್ ಕಾಲ್ ಯುಗ: ಒಂದು ಸಲ ಬಡಿದರೆ ಬಸ್ಸು ಹತ್ತಿದೆ, ಎರಡು ಸಲ ಬಡಿದರೆ ಸ್ಟಾಪಿಗೆ ಬಾ. 2016ರಲ್ಲಿ ಜಿಯೋ ಬಂದು ಮಾತನ್ನೇ ಪುಕ್ಕಟೆ ಮಾಡಿದಾಗ ಇಡೀ ಊರು ಕುಣಿಯಿತು. ಪುಕ್ಕಟೆ ಎಂಬುದರ ಬಗ್ಗೆ ಹೋಟೆಲಿನವರಿಗೆ ಇರುವ ಅನುಮಾನ ಅಜ್ಜಯ್ಯನಿಗೂ ಇತ್ತು. 2018ರ ಕೊನೆಗೆ, ಕರೆ ಬರಬೇಕಿದ್ದರೂ ತಿಂಗಳಿಗೆ ಇಂತಿಷ್ಟು ಹಾಕಿಸಲೇಬೇಕು ಎಂಬ ನಿಯಮ ಬಂತು, ‘ಲೈಫ್‌ಟೈಮ್’ ಎಂದು ಕೊಂಡಿದ್ದ ಸಿಮ್‌ಗಳು ಬಾಯಿ ಮುಚ್ಚಿದವು. 2021ರಲ್ಲಿ ದರ ಏರಿತು, 2024ರ ಜುಲೈಯಲ್ಲಿ ಮತ್ತೆ ಏರಿತು. ಅಜ್ಜಯ್ಯ ಡೈರಿ ತೆರೆದು ಹೊಸ ದರ ಬರೆದುಕೊಂಡರು, ಅಷ್ಟೆ.

ಅವರ ಜೀವನದ ದೊಡ್ಡ ಗೆಲುವು 2024ರ ಡಿಸೆಂಬರಿನದು. ಡೇಟಾ ಬೇಡದವರ ಮೇಲೆ ಡೇಟಾ ಹೇರಬಾರದು, ಬರೀ ಮಾತು ಮತ್ತು ಎಸ್ಸೆಮ್ಮೆಸ್ಸಿನ ಪ್ಯಾಕ್ ಕೊಡಿ, ಅದರ ಅವಧಿ 365 ದಿನದವರೆಗೂ ಇರಬಹುದು ಎಂದು ಟ್ರಾಯ್ ನಿಯಮ ಮಾಡಿತು. ವಯಸ್ಸಾದವರಿಗೆ, ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇರುವ ಕುಟುಂಬಗಳಿಗೆ ಮೊಬೈಲಿನಲ್ಲಿ ಬೇರೆ ಡೇಟಾ ಬೇಕಾಗಲಿಕ್ಕಿಲ್ಲ ಎಂಬ ಕಾರಣವನ್ನೂ ಕೊಟ್ಟಿತು. ಸೊಸೆ ಎದುರು ವರ್ಷಗಟ್ಟಲೆ ಸೋತ ವಾದವೊಂದು ದಿಲ್ಲಿಯಲ್ಲಿ ಗೆದ್ದಿತ್ತು. ಆದರೆ 2025ರ ಜನವರಿಯಲ್ಲಿ ಪ್ಲಾನುಗಳು ಬಂದ ರೀತಿ ನೋಡಿ. ಏರ್‌ಟೆಲ್ 1,999ರ ವಾರ್ಷಿಕ ಪ್ಲಾನಿನಿಂದ 24 ಜಿಬಿ ಕಿತ್ತು 1,959 ಎಂದಿತು. ವರ್ಷದ ಡೇಟಾಕ್ಕೆ ಕಂಪನಿಯೇ ಕಟ್ಟಿದ ಬೆಲೆ ಹಾಗಾದರೆ 40 ರೂಪಾಯಿ! ದರಗಳನ್ನು ಪರಿಶೀಲಿಸುತ್ತೇವೆ ಎಂದು ಟ್ರಾಯ್ ಗಂಟಲು ಸರಿಮಾಡಿಕೊಂಡ ಮೇಲೆ ಅದು 1,849ಕ್ಕೆ ಇಳಿಯಿತು. ಜಿಯೋ ತನ್ನ 1,958ನ್ನು 1,748ಕ್ಕೆ ಇಳಿಸಿತು. ಮನೆಯ ಕಾಲೇಜು ಹುಡುಗ 101 ರೂಪಾಯಿ ಕಮ್ಮಿ ಎಂದು ಜಿಯೋದ್ದೇ ಹಾಕಿಸಲು ಹೊರಡುತ್ತಾನೆ. ಅಜ್ಜಯ್ಯ ಕೆಳಗಿನ ಸಣ್ಣ ಅಕ್ಷರ ಓದುತ್ತಾರೆ: ಬೆಲೆ ಇಳಿಸುವಾಗ ಅವಧಿಯೂ 365ರಿಂದ 336 ದಿನಕ್ಕೆ ಇಳಿದಿದೆ, ಅಂದರೆ ಸರಿಯಾಗಿ ಹನ್ನೆರಡು 28. ಭಾಗಿಸಿದರೆ ಜಿಯೋದ್ದಕ್ಕೆ ದಿನಕ್ಕೆ 5 ರೂಪಾಯಿ 20 ಪೈಸೆ, ಏರ್‌ಟೆಲ್‌ನದ್ದಕ್ಕೆ 5 ರೂಪಾಯಿ 7 ಪೈಸೆ. ಕಮ್ಮಿ ಬೆಲೆಯದ್ದೇ ದುಬಾರಿ. ಹದಿಮೂರು ಪೈಸೆಗೆ ಇಷ್ಟು ಗಲಾಟೆಯೇ ಎಂದು ಕೇಳಬಹುದು. ಹದಿಮೂರು ಪೈಸೆಯನ್ನು ಕೋಟಿಗಟ್ಟಲೆ ಗಿರಾಕಿಗಳಿಂದ ಗುಣಿಸುವ ಕೆಲಸ ಆ ಕಡೆ ನಡೆಯುತ್ತಿರುವಾಗ, ಈ ಕಡೆ ಒಬ್ಬರಾದರೂ ಭಾಗಿಸಬೇಡವೇ? (ಈ ಅಂಕಿಗಳು ನಿಮ್ಮ ಕೈಗೆ ಬರುವಷ್ಟರಲ್ಲಿ ಬದಲಾಗಿರಬಹುದು, ಭಾಗಾಕಾರ ಬದಲಾಗುವುದಿಲ್ಲ.)

ಬೆಂಗಳೂರಿನ ಮಗನ ಆಕ್ಷೇಪ ಬೇರೆ ಧಾಟಿಯದು. ‘ಅಪ್ಪಯ್ಯ, ನೀವ್ ಎಂತಕ್ಕೆ ತಲೆಬಿಸಿ ಮಾಡ್ಕಂತ್ರಿ? ಎಲ್ಲರದ್ದೂ ಒಂದೇ ಫ್ಯಾಮಿಲಿ ಪೋಸ್ಟ್‌ಪೇಯ್ಡ್ ಮಾಡ್ತೆ, ಬಿಲ್ ನಾನೇ ಕಟ್ತೆ’ ಎನ್ನುತ್ತಾನೆ. ಪ್ರೀತಿಯ ಮಾತು, ಅನುಮಾನವಿಲ್ಲ. ಆದರೆ ಲೆಕ್ಕಕ್ಕೆ ನಿಲ್ಲುವುದಿಲ್ಲ. 2024ರ ಏರಿಕೆಯ ನಂತರ ಜಿಯೋದ ಕುಟುಂಬ ಪ್ಲಾನಿನಲ್ಲಿ ಮುಖ್ಯ ಸಿಮ್ಮಿಗೆ 449, ಜೊತೆಗೆ ಸೇರಿಸುವ ಪ್ರತಿ ಸಿಮ್ಮಿಗೆ 150. ನಾಲ್ವರಿಗೆ 899 ಎಂದು ಮಗ ಹೇಳುತ್ತಾನೆ. ಪೋಸ್ಟ್‌ಪೇಯ್ಡ್ ದರಕ್ಕೆ ಜಿಎಸ್‌ಟಿ ಬೇರೆ, ಪ್ರೀಪೇಯ್ಡ್ ದರದೊಳಗೆ ಅದು ಸೇರಿರುತ್ತದೆ ಎಂಬುದನ್ನು ಮಗ ಹೇಳುವುದಿಲ್ಲ, ಅವನಿಗೂ ಹೊಳೆದಿರುವುದಿಲ್ಲ. ಶೇಕಡಾ 18 ಸೇರಿದರೆ ತಿಂಗಳಿಗೆ 1,061 ರೂಪಾಯಿಯ ಹತ್ತಿರ, ವರ್ಷಕ್ಕೆ 12,730. ಅಜ್ಜಯ್ಯನ ಪರ್ಯಾಯ ಹೀಗೆ: ಮುದುಕರಿಬ್ಬರಿಗೂ 1,849ರ ಮಾತಿನ ಪ್ಲಾನ್, ಹುಡುಗರಿಬ್ಬರಿಗೂ 299ರದ್ದು ವರ್ಷಕ್ಕೆ ಹದಿಮೂರು ಸಲ, ಒಟ್ಟು 11,472. ಉಳಿಕೆ ಸಾವಿರದ ಇನ್ನೂರಕ್ಕೂ ಮೇಲೆ. ಇದರ ಜೊತೆ ಅಂಕಿಗೆ ಸಿಗದ ಇನ್ನೊಂದು ಕಾರಣವಿದೆ. ಹೆದ್ದಾರಿ 66ರ ಅಂಚಿನಲ್ಲಿ ಕೋಟದಿಂದ ಶಿರೂರಿನ ತನಕ ಯಾವ ಸಿಮ್ ಆದರೂ ನಡೆಯುತ್ತದೆ. ಘಟ್ಟದ ಬುಡದ ಕಡೆ ಹೋದಂತೆ ಒಂದು ಕಂಪನಿಯದ್ದು ಅಂಗಳದಲ್ಲಿ ಸಿಕ್ಕರೆ ಇನ್ನೊಂದರದ್ದು ತೋಟದ ಮೇಲಿನ ದರೆಯಲ್ಲಿ ಮಾತ್ರ ಸಿಗುತ್ತದೆ. ನಾಲ್ಕೂ ಸಿಮ್ ಒಂದೇ ಕಂಪನಿಯದ್ದಾದರೆ ಮಳೆಗಾಲದ ಒಂದು ರಾತ್ರಿ ನಾಲ್ಕೂ ಒಟ್ಟಿಗೆ ಸಾಯುತ್ತವೆ. ಎರಡು ಕಂಪನಿ ಇಟ್ಟುಕೊಳ್ಳುವುದು ಜಿಪುಣತನವೇ?

ಮೂರನೆಯ ಕಂಪನಿಯ ಸಿಮ್ಮೂ ಒಂದಿದೆ, ಆ ಮಾತು ಮನೆಯಲ್ಲಿ ಎತ್ತುವ ಹಾಗಿಲ್ಲ. 9448ರಿಂದ ಶುರುವಾಗುವ ಹಳೆಯ ಬಿಎಸ್ಸೆನ್ನೆಲ್ ನಂಬರು. ಬ್ಯಾಂಕು, ಪಿಂಚಣಿ, ಆಧಾರ್, ಗ್ಯಾಸು ಎಲ್ಲವೂ ಅದಕ್ಕೇ ಗಂಟು ಬಿದ್ದಿರುವುದರಿಂದ ಓಟಿಪಿ ಬರುವುದು ಅದಕ್ಕೇ. ಅದನ್ನು ಬಿಡಲಿಕ್ಕೂ ಆಗದು, ಅದರಲ್ಲಿ ಮಾತಾಡಲಿಕ್ಕೂ ಆಗದು, ಸುಮ್ಮನೆ ಜೀವಂತ ಇಡಬೇಕು. 2025ರ ಅಕ್ಟೋಬರಿನಲ್ಲಿ ಬಿಎಸ್ಸೆನ್ನೆಲ್ 60 ದಾಟಿದವರಿಗೆಂದೇ ‘ಸಮ್ಮಾನ್’ ಎಂಬ ಪ್ಲಾನ್ ತಂದಾಗ ಅಜ್ಜಯ್ಯ ಕೊಡೆ ಹಿಡಿದು ಹೊರಟೇಬಿಟ್ಟರು: 1,812 ರೂಪಾಯಿ, 365 ದಿನ, ಮಾತಿಗೆ ಮಿತಿಯಿಲ್ಲ, ದಿನಕ್ಕೆ 2 ಜಿಬಿ. ಬರೀ ಮಾತಿನ ಪ್ಲಾನಿಗಿಂತ ಅಗ್ಗಕ್ಕೆ ಡೇಟಾ ಸಮೇತ! ಷರತ್ತು ಒಂದೇ, ಹೊಸ ಗಿರಾಕಿಗಳಿಗೆ ಮಾತ್ರ. ಸೆಲ್‌ಒನ್ ಕಾಲದಿಂದ ಬಿಡದೆ ಇದ್ದವರಿಗೆ ಸಮ್ಮಾನ ಇರಲಿಲ್ಲ, ನಿನ್ನೆ ಬಂದವರಿಗೆ ಇತ್ತು. ಅಳಿಯನ ಉಪಚಾರ ಗೊತ್ತಿರುವ ಊರಿನವರಿಗೆ ಇದು ತೀರಾ ಹೊಸತೇನಲ್ಲ. ಬೇರೆ ಕಂಪನಿಗೆ ಹೋಗುವ ಕೆಲಸ 1900ಕ್ಕೆ ಒಂದು ಸಂದೇಶ ಕಳಿಸುವುದರಿಂದ ಶುರು, ಆದರೆ ಹೋದಲ್ಲಿ 90 ದಿನ ಇರದೆ ಮತ್ತೆ ಪೋರ್ಟ್ ಮಾಡುವಂತಿಲ್ಲ ಎಂಬುದನ್ನು ಅವರು ಅಂಗಡಿಯ ಹುಡುಗನಿಗಿಂತ ಮೊದಲೇ ತಿಳಿದಿದ್ದಾರೆ. ‘ಪೋರ್ಟ್ ಮಾಡ್ತೆ’ ಎಂಬ ಬೆದರಿಕೆ ಅವರ ಬಾಯಲ್ಲಿ ಆಗಾಗ ಬರುತ್ತದೆ. ಕಂಪನಿಯ ಕಿವಿಗೆ ಬಿದ್ದಂತಿಲ್ಲ.

ಅಜ್ಜಯ್ಯನ ಸಿದ್ಧಾಂತ ನಿಜವಾಗಿ ಅಲುಗಾಡುವುದು ಡೇಟಾದ ವಿಷಯದಲ್ಲಿ, ಅದನ್ನು ಮುಚ್ಚಿಡಬಾರದು. ಮುದುಕರಿಗೆ ಡೇಟಾ ಬೇಡ ಎಂಬುದು ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುವ ತನಕ ಮಾತ್ರ ಸತ್ಯ. ಮಂದಾರ್ತಿ ಮೇಳದ್ದೋ ಸಾಲಿಗ್ರಾಮದ್ದೋ ಆಟ ಯೂಟ್ಯೂಬಿನಲ್ಲಿ ನೇರ ಬಂದರೆ ಮಾತಿನ ಪ್ಲಾನಿನ ಹಿರಿಯರು ಮೊಮ್ಮಗನ ಹಾಟ್‌ಸ್ಪಾಟಿನ ಪಕ್ಕ ಕುರ್ಚಿ ಎಳೆದುಕೊಳ್ಳುತ್ತಾರೆ. ಮೊಮ್ಮಗನ ದಿನದ ಒಂದೂವರೆ ಜಿಬಿ ಬಡಗುತಿಟ್ಟಿನ ಒಡ್ಡೋಲಗ ಮುಗಿಯುವಷ್ಟರಲ್ಲಿ ಕರಗುತ್ತದೆ. ಆಮೇಲೆ ವೇಗ 64 ಕೆಬಿಪಿಎಸ್‌ಗೆ ಇಳಿದು, ಎತ್ತಿದ ಕಾಲು ಎತ್ತಿದಂತೆಯೇ ಚೆಂಡೆ-ಮದ್ದಳೆಯೊಂದಿಗೆ ನಿಲ್ಲುತ್ತದೆ. ಇದಕ್ಕೂ ಅವರೊಂದು ದಾರಿ ಕಂಡುಕೊಂಡಿದ್ದಾರೆ. ದಿನದ ಡೇಟಾ ಹೊಸದಾಗುವುದು ನಡುರಾತ್ರಿ 12ಕ್ಕೆ, ಇಡೀ ರಾತ್ರಿಯ ಆಟ ನಡೆಯುವುದು ಬೆಳಗಿನ ತನಕ. ಹಾಗಾಗಿ ಒಂದು ರಾತ್ರಿಯ ಆಟಕ್ಕೆ ಎರಡು ದಿನದ ಡೇಟಾ ಸಿಗುತ್ತದೆ. ಪೂರ್ವಾರ್ಧದಲ್ಲಿ ಸ್ವಲ್ಪ ಕಣ್ಣು ಮುಚ್ಚಿ, 12 ಹೊಡೆದ ಮೇಲೆ ಬರುವ ಯುದ್ಧಕ್ಕೆ ಎದ್ದು ಕೂತರಾಯಿತು. ಮನೆಗೆ ಫೈಬರ್ ಎಳೆಸಿದವರು ಈ ಕಸರತ್ತಿನಿಂದ ಪಾರು. ವೈಫೈ ಮೇಲೆಯೇ ಕರೆ ಹೋಗುವ ಸೌಲಭ್ಯ ಫೋನಿನಲ್ಲಿದ್ದರೆ ಅಂಗಳಕ್ಕೆ ಓಡಿ ‘ಹಲೋ ಹಲೋ’ ಎನ್ನುವುದೂ ತಪ್ಪುತ್ತದೆ. ಆದರೆ ಮಾತಿನ ಪ್ಲಾನ್ ಹಿಡಿದು ಗಂಗೊಳ್ಳಿಗೆ ಮೀನಿಗೆ ಹೋದರೆ ಫೋನ್‌ಪೇ ಅಲ್ಲಾಡದು, ನಗದು ಬೇಕು. ಅಜ್ಜಯ್ಯನ ಹತ್ತಿರ ನಗದು ಹೇಗೂ ಇರುತ್ತದೆ. ತೊಂದರೆ ಬರುವುದು ಚಿಲ್ಲರೆ ಇಲ್ಲದ ಮೀನಿನವಳಿಗೆ.

ಕೊನೆಯ ಆಕ್ಷೇಪ ತುಸು ಗಟ್ಟಿಯಾದದ್ದು. ಸಾವಿರ ರೂಪಾಯಿ ಉಳಿಸಲು ವರ್ಷವಿಡೀ ಪೇಟೆಗೆ ಹೋಗಿಬರುವ ಬಸ್ ಚಾರ್ಜು, ಚಾ-ಬನ್ಸು, ಅರ್ಧ ದಿನ, ಇವೆಲ್ಲ ಯಾವ ಪುಟದಲ್ಲಿವೆ? ಯಾವ ಪುಟದಲ್ಲೂ ಇಲ್ಲ, ನಿಜ. ಆದರೆ ಆ ಬಸ್ಸು, ಆ ಚಾ, ದಾರಿಯಲ್ಲಿ ಸಿಕ್ಕವರ ಹತ್ತಿರದ ಮಾತು ರೀಚಾರ್ಜ್ ಇಲ್ಲದಿದ್ದರೂ ನಡೆಯುವಂಥವು. ರೀಚಾರ್ಜ್ ಅದಕ್ಕೊಂದು ಗೌರವದ ನೆಪ. ಲೆಕ್ಕ ತಪ್ಪುವುದು ಅಲ್ಲಲ್ಲ, ಬೇರೆ ಕಡೆ. ಮಾತಿಗೆ ಮಿತಿಯಿಲ್ಲ ಎಂದು ಭಾಗಿಸಿ ಗುಣಿಸಿ ಪ್ಲಾನ್ ಕೊಂಡ ಅಜ್ಜಯ್ಯ ತಾವು ಮಾತಾಡುವುದು ಈಗಲೂ ಎಸ್‌ಟಿಡಿ ಬೂತಿನ ಪ್ರಕಾರವೇ. ‘ಹಲೋ. ಊಟ ಆಯ್ತಾ? ಮಳಿ ಬಂತಾ? ಸರಿ, ಇಡ್ತೆ.’ ಅರುವತ್ತನೆಯ ಸೆಕೆಂಡಿಗೆ ಮೊದಲೇ ಕೆಂಪು ಗುಂಡಿ. ಹೀಗೆ ಮಾತಾಡುವವರಿಗೆ ದಿನಕ್ಕೆ 5 ರೂಪಾಯಿ 7 ಪೈಸೆಯೂ ದಂಡವೇ. ಪ್ಲಾನಿನ ದುಡ್ಡು ವಸೂಲಾಗುತ್ತಿರುವುದು ಡೈರಿಯ ಎರಡನೆಯ ಪುಟದ ಸಿಮ್ಮಿನಿಂದ, ಅದು ಅವರ ಹೆಂಡತಿಯದು. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಆ ಅಮ್ಮ ಕಂಬಕ್ಕೊರಗಿ ಶಿರೂರಿನ ತಂಗಿಗೆ ಫೋನ್ ಹಚ್ಚಿದರೆ ಚಾಕ್ಕೆ ನೀರಿಡುವ ತನಕ ಇಳಿಸುವುದಿಲ್ಲ. ನಿನ್ನೆಯ ಹುಳಿಯಿಂದ ಹಿಡಿದು ಮುಂದಿನ ವರ್ಷದ ಮದುವೆಯ ತನಕ ಎಲ್ಲಕ್ಕೂ ಅಲ್ಲಿ ಜಾಗವಿದೆ. ಜಗಲಿಯಲ್ಲಿ ಅಜ್ಜಯ್ಯ ಗಡಿಯಾರ ನೋಡಿ ‘ಎಷ್ಟ್ ಹೊತ್ತ್ ಮಾತಾಡುದ್ ಮಾರಾಯ್ತಿ’ ಎಂದು ಗದರುತ್ತಾರೆ. ಆ ಕಡೆಯಿಂದ ‘ಅಕ್ಕಾ, ಭಾವ ಎಂತ ಹೇಳ್ತಿದ್ರ್?’ ಎಂಬ ಪ್ರಶ್ನೆ ಬರುತ್ತದೆ, ಮಾತು ಇನ್ನು ಕಾಲು ಗಂಟೆ ಆ ವಿಷಯದ ಮೇಲೆ.